ಚಿಮಣಿ ಹೊಳೆಯಿತು, ಫ್ರಿಜ್ಜಿನ ನಾತ ಉಳಿಯಿತು

ಫೆಬ್ರವರಿಯಲ್ಲಿ ಶಿವಮೊಗ್ಗದ ಮದುವೆಯೊಂದಕ್ಕೆ ಹೋಗಿದ್ದ ನಾವು ಆರು ದಿನಗಳ ಮೇಲೆ ಬೆಂಗಳೂರಿನ ತ್ಯಾಗರಾಜನಗರದ ಮನೆಗೆ ಮರಳಿದಾಗ, ಬೀಗ ತೆಗೆಯುವ ಮೊದಲೇ ಬಾಗಿಲ ಸಂದಿಯಿಂದ ಹೊರಟ ನಾತ ಒಳಗೆ ಏನಾಗಿದೆ ಎಂಬುದನ್ನು ಹೇಳಿಬಿಟ್ಟಿತ್ತು. ಅಡುಗೆಮನೆಯ ಎಂಸಿಬಿ, ಅಂದರೆ ವಿದ್ಯುತ್ತನ್ನು ತಾನಾಗಿ ಕಡಿಯುವ ಸ್ವಿಚ್ಚು, ಬಿದ್ದು ಫ್ರಿಜ್ ನಿಂತುಹೋಗಿತ್ತು. ಸಂಕ್ರಾಂತಿಯ ಹೊತ್ತಿಗೆ ಸೊಗಡು ಚೆನ್ನಾಗಿದೆಯೆಂದು ನಾಲ್ಕು ಕಿಲೋ ಅವರೆಕಾಯಿ ತಂದು, ಮನೆಮಂದಿಯೆಲ್ಲ ಕುಳಿತು ಸುಲಿದು, ನೆನೆಸಿ, ಹಿತಕಿ, ಫ್ರೀಜರಿನಲ್ಲಿ ತುಂಬಿಟ್ಟಿದ್ದ ಬೇಳೆಯೆಲ್ಲ ಕರಗಿ, ಕೊಳೆತು, ಬೂದುಬಣ್ಣದ ನೀರಾಗಿ ಹರಿದಿತ್ತು. ಕೆಳಗಿನ ಅಂಕಣದಲ್ಲಿ ಬೆಣ್ಣೆಗೆಂದು ಕೂಡಿಟ್ಟಿದ್ದ ವಾರದ ಕೆನೆ ಮತ್ತು ದೋಸೆ ಹಿಟ್ಟಿನ ಪಾತ್ರೆ ತಮ್ಮ ಪಾಲನ್ನು ಸೇರಿಸಿದ್ದವು. ಎಲ್ಲವನ್ನೂ ಹಸಿ ಕಸಕ್ಕೆ ಹಾಕಿ, ಸೋಪಿನ ನೀರಿನಲ್ಲಿ ಒಮ್ಮೆ ಒರೆಸಿ, ವಾಸನೆ ಕದಲುವುದಿಲ್ಲ ಎಂಬುದು ಖಚಿತವಾದ ಮೇಲೆ, ಹೇಗೂ ಚಿಮಣಿಯನ್ನು ಒಂದೂವರೆ ವರ್ಷದಿಂದ ಬಿಚ್ಚಿಲ್ಲವೆಂಬ ನೆಪವನ್ನೂ ಜೊತೆಗಿಟ್ಟುಕೊಂಡು, ಮೊಬೈಲಿನ ಮೂಲಕ ಕಾಯ್ದಿರಿಸುವ ಅಡುಗೆಮನೆ ಶುಚಿಗೊಳಿಸುವ ಸೇವೆಯೊಂದನ್ನು ಕರೆಸಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಗರದಲ್ಲಿ ಇಂಥ ಸೇವೆ ಕೊಡುವವರು ಹಲವರಿದ್ದಾರೆ, ಮತ್ತು ನಾನು ಕಂಡ ಒಳಿತು ಕೆಡಕುಗಳು ಒಬ್ಬರಿಗೇ ಸೀಮಿತವಾದವು ಎಂದು ನನಗೆ ಅನಿಸುವುದಿಲ್ಲ.

ಚಿಮಣಿ, ಒಲೆ, ಕಟ್ಟೆ, ಟೈಲ್ಸು, ಸಿಂಕುಗಳಿಗೆ ಸೇರಿ 2,600 ರೂಪಾಯಿ. ಫ್ರಿಜ್ಜಿನ ಒಳಭಾಗಕ್ಕೆ 500, ಮೈಕ್ರೋವೇವಿಗೆ 250 ಹೆಚ್ಚುವರಿ. ಮಿಕ್ಸಿ, ಗ್ರೈಂಡರ್, ನೀರು ಕಾಯಿಸುವ ಕೆಟಲ್ ಮುಂತಾದವು ಪಟ್ಟಿಯಲ್ಲಿಯೇ ಇರಲಿಲ್ಲ. ಕೇಳಿದರೆ ಹೊರಗಿನಿಂದ ಒರೆಸಿಕೊಡುತ್ತೇವೆ ಎಂದರು. ಹೇಳಿದ ಹೊತ್ತಿಗೆ ಇಪ್ಪತ್ತು ನಿಮಿಷ ತಡವಾಗಿ ಇಬ್ಬರು ಯುವಕರು ಬಂದರು. ಆವಿ ಯಂತ್ರ, ಬಗೆಬಗೆಯ ಬ್ರಷ್ಷು, ಮೂರು ಬಣ್ಣದ ಬಟ್ಟೆಗಳು, ಒಂದು ಬಕೆಟ್ಟಿನ ತುಂಬ ಸೀಸೆಗಳು ಅವರೊಂದಿಗೆ ಬಂದಿದ್ದವು. ನೆಲಕ್ಕೆ ಹಾಳೆ ಹಾಸಿ, ಕಟ್ಟೆಯ ಮೇಲಿನ ಡಬ್ಬಿಗಳನ್ನು ಯಾವುದು ಎಲ್ಲಿತ್ತೆಂದು ಫೋಟೋ ತೆಗೆದುಕೊಂಡು ಸರಿಸಿ, ಕೆಲಸ ಮುಗಿದ ಮೇಲೆ ಆ ಫೋಟೋ ನೋಡಿಯೇ ಮತ್ತೆ ಜೋಡಿಸಿದ ಅವರ ಅಚ್ಚುಕಟ್ಟುತನವನ್ನು ಮೊದಲೇ ಮೆಚ್ಚಿ ಹೇಳಬೇಕು.

ಚಿಮಣಿಯ ಕೆಲಸಕ್ಕೆ ಪೂರ್ಣ ಅಂಕ ಕೊಡಬಹುದು. ದಿನವೂ ಒಗ್ಗರಣೆ ಸಿಡಿಯುವ, ವಾರಕ್ಕೊಮ್ಮೆ ಏನಾದರೂ ಕರಿಯುವ ಮನೆಯಲ್ಲಿ ಎಣ್ಣೆಯ ಹೊಗೆ ಫಿಲ್ಟರಿನ ಮೇಲೆ ಕೂತು, ಗಾಳಿ ತಾಕಿ ತಾಕಿ ಮೊದಲು ಅಂಟಾಗಿ, ಆಮೇಲೆ ಅರಗಿನಂತೆ ಗಟ್ಟಿಯಾಗುತ್ತದೆ. ಪಾತ್ರೆ ತೊಳೆಯುವ ಸೋಪು ಅಷ್ಟು ಹಳೆಯ ಜಿಡ್ಡಿಗೆ ಸಾಲುವುದಿಲ್ಲ. ಬಿಸಿನೀರು ಮತ್ತು ಚುರುಕಾದ ಕ್ಷಾರ ಬೇಕು. ಅವರು ಸ್ಟೀಲಿನ ಬ್ಯಾಫಲ್ ಫಿಲ್ಟರುಗಳನ್ನು ಬಿಚ್ಚಿ, ಕುದಿನೀರು ತುಂಬಿದ ಟಬ್ಬಿನಲ್ಲಿ ತಮ್ಮ ದ್ರಾವಣ ಬೆರೆಸಿ ಮುಕ್ಕಾಲು ಗಂಟೆ ನೆನೆಹಾಕಿದರು. ಆ ಹೊತ್ತಿನಲ್ಲಿ ಎಣ್ಣೆ ಕೂಡುವ ಬಟ್ಟಲು, ಫ್ಯಾನಿನ ಸುತ್ತಲ ಗೂಡು, ಗಾಜಿನ ಹಿಂಬದಿ ಎಲ್ಲವನ್ನೂ ಉಜ್ಜಿದರು. ಫಿಲ್ಟರು ಹೊರಬಂದಾಗ ಕೊಂಡ ದಿನ ಹೇಗಿತ್ತೋ ಹಾಗೆಯೇ ಇತ್ತು. ಇದನ್ನು ಮನೆಯಲ್ಲಿ ವಾಷಿಂಗ್ ಸೋಡಾ ಬಳಸಿ ನಾನೂ ಮಾಡಿದ್ದೇನೆ. ಆದರೆ ಆ ಟಬ್ಬು, ಆ ಕುದಿನೀರು, ಬಚ್ಚಲ ತುಂಬ ಹರಡುವ ಕಪ್ಪು ಜಿಡ್ಡು, ಆಮೇಲೆ ಬಚ್ಚಲನ್ನೇ ತೊಳೆಯುವ ಇನ್ನೊಂದು ಗಂಟೆಯ ಕೆಲಸ ನೆನೆದರೆ ಹಣ ಕೊಡುವುದೇ ಲೇಸು. ಸ್ವತಃ ಮಾಡುವವರಿಗೆ ಒಂದು ಎಚ್ಚರಿಕೆ ಅಗತ್ಯ: ನಿಮ್ಮ ಚಿಮಣಿಯ ಜಾಲರಿ ಅಲ್ಯೂಮಿನಿಯಂನದಾಗಿದ್ದರೆ ವಾಷಿಂಗ್ ಸೋಡಾ ಅದನ್ನು ಕಪ್ಪಗೆ ಮಾಡಿ ಸವೆಸುತ್ತದೆ, ಅದಕ್ಕೆ ಸೋಪು ಮತ್ತು ಬಿಸಿನೀರಷ್ಟೇ ಸರಿ. ಪೈಪಿಲ್ಲದ ಚಿಮಣಿಗಳಲ್ಲಿ ವಾಸನೆ ಹೀರಲೆಂದು ಇಡುವ ಇದ್ದಿಲಿನ ಫಿಲ್ಟರನ್ನು ತೊಳೆದು ಪ್ರಯೋಜನವಿಲ್ಲ, ಅದನ್ನು ಬದಲಿಸಬೇಕು.

ಇಲ್ಲಿಯೇ ನನಗೆ ಬೇಸರ ತಂದ ಸಂಗತಿಯನ್ನೂ ಹೇಳಿಬಿಡುತ್ತೇನೆ. ಅಷ್ಟು ಖಾರವಾದ ದ್ರಾವಣದಲ್ಲಿ ಕೈ ಅದ್ದುತ್ತಿದ್ದ ಹುಡುಗನಿಗೆ ಕೈಗವಸು ಇರಲಿಲ್ಲ. ಹರಿದುಹೋಗಿವೆ, ಹೊಸದು ಇನ್ನೂ ಕೊಟ್ಟಿಲ್ಲ ಎಂದ. ನಮ್ಮ ಮನೆಯ ರಬ್ಬರ್ ಕೈಗವಸನ್ನು ಕೊಟ್ಟೆ. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು. ಸಿಂಕಿನ ಬಿಳಿ ಕಲೆಗೆಂದು ತಂದಿದ್ದ ಆಮ್ಲದ ಸೀಸೆ ಮತ್ತು ನೆಲಕ್ಕೆ ಬಳಸುವ ಬ್ಲೀಚಿನ ಸೀಸೆ ಒಂದೇ ಬಕೆಟ್ಟಿನಲ್ಲಿ, ಸಡಿಲ ಮುಚ್ಚಳಗಳೊಂದಿಗೆ, ಪರಸ್ಪರ ಒರಗಿ ನಿಂತಿದ್ದವು. ಬ್ಲೀಚಿಗೆ ಆಮ್ಲ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಅಡುಗೆಮನೆಯಲ್ಲಿ ಅದು ಶ್ವಾಸಕೋಶವನ್ನು ಸುಡಬಲ್ಲದು. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣದೊಂದಿಗೆ ಬ್ಲೀಚು ಬೆರೆತರೂ ವಿಷದ ಹೊಗೆಯೇ. ಸೀಸೆಗಳನ್ನು ಬೇರೆ ಮಾಡಿಸಿ, ಬ್ಲೀಚನ್ನು ಬಾಲ್ಕನಿಯಲ್ಲಿಡಲು ಹೇಳಿದೆ. ಅವರು ತಕರಾರಿಲ್ಲದೆ ಹಾಗೆಯೇ ಮಾಡಿದರು. ಆದರೆ ಈ ಮಾತನ್ನು ಹೇಳಬೇಕಾದದ್ದು ಗ್ರಾಹಕಳಲ್ಲ, ಅವರಿಗೆ ತರಬೇತಿ ಕೊಟ್ಟವರು.

ಮೈಕ್ರೋವೇವಿನ ಕೆಲಸ ಸಾಧಾರಣ. ಆವಿ ಹಾಯಿಸಿ ಒರೆಸಿದರು, ಅಷ್ಟೇ. ಒಂದು ಬಟ್ಟಲು ನೀರಿಗೆ ನಿಂಬೆಹಣ್ಣಿನ ಹೋಳು ಹಾಕಿ ನಾಲ್ಕೈದು ನಿಮಿಷ ಕಾಯಿಸಿ, ಐದು ನಿಮಿಷ ಬಾಗಿಲು ತೆರೆಯದೆ ಬಿಟ್ಟು, ಬಳಿಕ ಒದ್ದೆ ಬಟ್ಟೆಯಿಂದ ಒರೆಸಿದರೆ ಇದೇ ಫಲ 5 ರೂಪಾಯಿಯ ನಿಂಬೆಹಣ್ಣಿನಲ್ಲಿ ಸಿಗುತ್ತದೆ. 250 ರೂಪಾಯಿ ದಂಡ. ಹಪ್ಪಳ ಸೀದ ವಾಸನೆ ಹಲವು ದಿನ ಉಳಿದರೆ ಒಳಗೋಡೆಯ ಪಕ್ಕದಲ್ಲಿರುವ ಕಾಗೆಬಂಗಾರದ (ಮೈಕಾ) ಹಾಳೆಯನ್ನು ನೋಡಬೇಕು. ಅದರ ಮೇಲೆ ಸಿಡಿದ ಎಣ್ಣೆ ಕರಕಾಗಿದ್ದರೆ ಮೆಲ್ಲಗೆ ಒರೆಸಬಹುದು, ಕೆರೆಯಬಾರದು. ಹಾಳೆಯೇ ಸುಟ್ಟಿದ್ದರೆ ಹೊಸದನ್ನು ಹಾಕಿಸುವುದೊಂದೇ ದಾರಿ.

ಈಗ ಫ್ರಿಜ್ಜು. ಅವರು ತಟ್ಟೆಗಳನ್ನೆಲ್ಲ ಹೊರತೆಗೆದು ತೊಳೆದರು, ಒಳಗೋಡೆಗಳನ್ನು ಎರಡು ಸಲ ಒರೆಸಿದರು, ಕೊನೆಗೆ ನೀಲಿ ಸೀಸೆಯೊಂದರಿಂದ ಲ್ಯಾವೆಂಡರ್ ಪರಿಮಳವನ್ನು ಧಾರಾಳವಾಗಿ ಸಿಂಪಡಿಸಿ ಬಾಗಿಲು ಮುಚ್ಚಿದರು. ಸಂಜೆಯವರೆಗೆ ಎಲ್ಲ ಸರಿಯಾದಂತೆ ತೋರಿತು. ಮೂರನೆಯ ದಿನ ಬಾಗಿಲು ತೆಗೆದರೆ ಲ್ಯಾವೆಂಡರಿನ ಹೊಲದಲ್ಲಿ ಅವರೆಬೇಳೆ ಕೊಳೆಯುತ್ತಿದೆ ಎಂಬಂತಿತ್ತು. ಒಂದು ನಾತವಿದ್ದಲ್ಲಿ ಎರಡಾಗಿದ್ದವು. ಮೊಸರಿಗೆ ಆ ಪರಿಮಳ ಹತ್ತಿತು, ಐಸಿಗೂ ಹತ್ತಿತು. ದೂರು ಕೊಟ್ಟಾಗ ಹಣ ಕೇಳದೆ ಮರುದಿನವೇ ಮತ್ತೆ ಕಳಿಸಿದರು ಎಂಬುದನ್ನು ಸಂಸ್ಥೆಯ ಪರವಾಗಿ ಹೇಳಲೇಬೇಕು. ಬಂದವನು ಕೊಪ್ಪಳದ ಕಡೆಯ ಹುಡುಗ. ಒಳಗೆಲ್ಲ ಮತ್ತೆ ಒರೆಸಿ, ಅದೇ ನೀಲಿ ಸೀಸೆಗೆ ಕೈಹಾಕಿದ. ಅದು ಬೇಡ, ಹಿಂಬದಿಯಲ್ಲಿ ನೀರು ಕೂಡುವ ತಟ್ಟೆಯನ್ನು ಶುಚಿ ಮಾಡಲು ಆಗುತ್ತದೆಯೇ ಎಂದು ಕೇಳಿದೆ. "ಹಿಂದಿನ ಪ್ಲೇಟ್ ಬಿಚ್ಚಾಕ ನಮಗ ಪರ್ಮಿಷನ್ ಇಲ್ರೀ ಅಕ್ಕಾರ, ಏನರ ಆದ್ರ ನಮ್ಮ ಪಗಾರದಾಗ ಹಿಡೀತಾರ," ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈ ಸೇವೆಯ ಇತಿಮಿತಿ ಏನೆಂಬುದು ಆ ಒಂದು ವಾಕ್ಯದಲ್ಲಿ ಸ್ಪಷ್ಟವಾಯಿತು: ಕಣ್ಣಿಗೆ ಕಾಣುವ ಕೊಳೆಗೆ ಅವರು ಜವಾಬ್ದಾರರು, ಮೂಗಿಗೆ ತಿಳಿಯುವ ಕೊಳೆಗೆ ಅಲ್ಲ.

ಹಿಮ ಕಟ್ಟದ ಮಾದರಿಯ ಫ್ರಿಜ್ಜಿನಲ್ಲಿ ತಣ್ಣನೆಯ ಸುರುಳಿಯ ಮೇಲೆ ಕೂಡುವ ಹಿಮವನ್ನು ಒಳಗಿನ ಹೀಟರು ಆಗಾಗ ಕರಗಿಸುತ್ತದೆ. ಆ ನೀರು ಒಂದು ಸಣ್ಣ ರಂಧ್ರದ ಮೂಲಕ ಇಳಿದು, ಹಿಂಬದಿಯಲ್ಲಿ ಕಂಪ್ರೆಸರಿನ ಬಳಿಯಿರುವ ತಟ್ಟೆಯಲ್ಲಿ ನಿಂತು, ಅಲ್ಲಿಯ ಶಾಖಕ್ಕೆ ಆರಿಹೋಗುತ್ತದೆ. ಫ್ರೀಜರಿನಲ್ಲಿ ಇಟ್ಟದ್ದೆಲ್ಲ ಕರಗಿದಾಗ ಬೇಳೆಯ ರಸವೂ ಇದೇ ದಾರಿ ಹಿಡಿದಿತ್ತು. ಅಂದರೆ ನಾವು ಒಳಗೋಡೆಯನ್ನು ಎಷ್ಟು ಒರೆಸಿದರೂ ನಾತದ ಬೇರು ರಂಧ್ರದ ಕೊಳವೆಯಲ್ಲಿ ಮತ್ತು ಹಿಂಬದಿಯ ತಟ್ಟೆಯಲ್ಲಿ ಬೆಚ್ಚಗೆ ಕುಳಿತಿತ್ತು. ಜೊತೆಗೆ ಇಂಥ ಬಹುಪಾಲು ಫ್ರಿಜ್ಜುಗಳಲ್ಲಿ ಒಂದೇ ಫ್ಯಾನು ಫ್ರೀಜರಿನ ಗಾಳಿಯನ್ನೇ ಕೆಳಗಿನ ಅಂಕಣಕ್ಕೂ ಹಂಚುತ್ತದೆ. ಮೇಲೆ ಕೊಳೆತದ್ದು ಕೆಳಗಿನ ಮೊಸರಿಗೆ ಹತ್ತುವುದು ಹೀಗೆ.

ಒಂದು ಶನಿವಾರ ಬೆಳಗ್ಗೆ ಪ್ಲಗ್ ಕಿತ್ತು, ಮಗನ ಸಹಾಯದಿಂದ ಫ್ರಿಜ್ಜನ್ನು ಗೋಡೆಯಿಂದ ಎಳೆದು, ಸೂಚನಾ ಪುಸ್ತಕದಲ್ಲಿದ್ದಂತೆ ಹಿಂಬದಿಯ ರಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿದೆ. ತಟ್ಟೆಯಲ್ಲಿ ಕಂಡದ್ದನ್ನು ವರ್ಣಿಸುವುದಿಲ್ಲ. ನಮ್ಮ ಮಾದರಿಯಲ್ಲಿ ಅದು ಹೊರಗೆ ಬರುವಂಥದ್ದಲ್ಲ. ಹಾಗಾಗಿ ಉದ್ದನೆಯ ಕಡ್ಡಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ, ಅದ್ದಿ ಅದ್ದಿ ಒರೆಸಬೇಕಾಯಿತು. ಒಳಗಿನ ರಂಧ್ರಕ್ಕೆ ಮೆಡಿಕಲ್ ಅಂಗಡಿಯಿಂದ ತಂದ ದೊಡ್ಡ ಸಿರಿಂಜಿನಿಂದ ಉಗುರುಬೆಚ್ಚಗಿನ ನೀರನ್ನು ಹತ್ತಾರು ಸಲ ಹಾಯಿಸಿದೆ. ಕುದಿನೀರು ಹಾಕಬಾರದು, ಪ್ಲಾಸ್ಟಿಕ್ ಕೊಳವೆ ಸೊಟ್ಟಗಾಗುತ್ತದೆ. ಮೊದಲು ಬೂದುಬಣ್ಣದ ನೀರು ಇಳಿದು, ಕೊನೆಗೆ ತಿಳಿಯಾಯಿತು.

ಯಾವ ದ್ರಾವಣ ಬಳಸಬೇಕು ಎಂಬಲ್ಲಿ ನಾನು ಮೊದಲು ಎಡವಿದ್ದೆ. ಫ್ರಿಜ್ಜಿನ ವಾಸನೆಗೆ ಅಡುಗೆ ಸೋಡಾ ಎಂದು ಎಲ್ಲರೂ ಹೇಳುವುದನ್ನು ನಂಬಿ ಅದನ್ನೇ ಮೂರು ದಿನ ಬಟ್ಟಲಿನಲ್ಲಿ ಇಟ್ಟಿದ್ದೆ. ಸೋಡಾ ಸೌಮ್ಯವಾದ ಕ್ಷಾರ. ಹಳಸಿದ ಕೆನೆ, ಹುಳಿತ ಹಿಟ್ಟು, ಒಡೆದ ಹಾಲು ಇವುಗಳ ವಾಸನೆ ಬಹುಮಟ್ಟಿಗೆ ಆಮ್ಲಗಳದ್ದು. ಮುಗ್ಗಿದ ಬೆಣ್ಣೆಯ ಕಮಟು ಬ್ಯುಟಿರಿಕ್ ಆಮ್ಲದ್ದು. ಸೋಡಾ ತಾಕಿದಾಗ ಅವು ಲವಣಗಳಾಗಿ ಮಾರ್ಪಟ್ಟು ಗಾಳಿಗೆ ಏಳುವುದನ್ನು ನಿಲ್ಲಿಸುತ್ತವೆ. ಆದರೆ ಕಾಳು, ಮೀನು, ಮಾಂಸದಂಥ ಪ್ರೋಟೀನ್ ತುಂಬಿದ ಪದಾರ್ಥ ಕೊಳೆತರೆ ಹುಟ್ಟುವುದು ಅಮೋನಿಯಾ ಮತ್ತು ಅಮೈನುಗಳು, ಅಂದರೆ ತಾವೇ ಕ್ಷಾರಗುಣದವು. ಅವುಗಳ ಮುಂದೆ ಸೋಡಾ ಕೈಕಟ್ಟಿ ಕೂರುತ್ತದೆ. ಅಲ್ಲಿ ಬೇಕಾದದ್ದು ವಿನಿಗರ್ ಅಥವಾ ನಿಂಬೆರಸ. ಮೀನು ತೊಳೆದ ಕೈಗೆ, ಪಾತ್ರೆಗೆ ಹುಣಸೆಹಣ್ಣು ತಿಕ್ಕುವ ಕರಾವಳಿಯವರ ರೂಢಿಯ ಹಿಂದಿರುವ ಕಾರಣವೂ ಇದೇ.

ಹೀಗಾಗಿ ಫ್ರೀಜರ್, ರಂಧ್ರ, ಹಿಂಬದಿಯ ತಟ್ಟೆ ಇವಿಷ್ಟಕ್ಕೆ ಒಂದು ಪಾಲು ವಿನಿಗರಿಗೆ ಎರಡು ಪಾಲು ನೀರು ಬೆರೆಸಿ ಬಳಸಿದೆ. ಕೆನೆ ಚೆಲ್ಲಿದ್ದ ಕೆಳಗಿನ ಅಂಕಣಕ್ಕೆ ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ. ಎರಡನ್ನೂ ಒಟ್ಟಿಗೆ ಬೆರೆಸಿ ಬುಸ್ಸೆಂದು ನೊರೆ ಉಕ್ಕಿಸುವ ವಿಡಿಯೋಗಳು ನೋಡಲು ಸೊಗಸಾಗಿರುತ್ತವೆ. ಆದರೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ತಿಂದುಹಾಕಿ, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕೈಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬಾಗಿಲಿನ ರಬ್ಬರಿನ ಮಡಿಕೆಗಳನ್ನು ಹಳೆಯ ಟೂತ್‌ಬ್ರಷ್ಷಿನಿಂದ, ಸೋಪಿನ ನೀರಿನಲ್ಲಿ, ಒಂದೊಂದಾಗಿ ಬಿಡಿಸಿ ಉಜ್ಜಿದೆ. ಹಣ ಪಡೆದು ಬಂದವರು ಎರಡು ಸಲವೂ ಅದನ್ನು ಬಿಟ್ಟಿದ್ದರು. ಒಣಗಿದ ಮೇಲೆ ಬಾಗಿಲಿಗೆ ಹಾಳೆಯೊಂದನ್ನು ಸಿಕ್ಕಿಸಿ ಎಳೆದು ನೋಡಿದೆ. ಹಾಳೆ ಸಲೀಸಾಗಿ ಜಾರಿದರೆ ರಬ್ಬರು ಸಡಿಲವಾಗಿದೆ, ತೇವದ ಗಾಳಿ ಒಳಗೆ ನುಗ್ಗುತ್ತಿದೆ ಎಂದರ್ಥ. ಗಾಜಿನ ತಟ್ಟೆಗಳನ್ನು ತಣ್ಣಗಿರುವಾಗಲೇ ಬಿಸಿನೀರಿಗೆ ಹಾಕದೆ, ಕೋಣೆಯ ಬಿಸಿಗೆ ಬರುವತನಕ ಕಾದು ತೊಳೆದು, ತಾರಸಿಯ ಬಿಸಿಲಿನಲ್ಲಿ ಒರಗಿಸಿದೆ. ಫ್ರಿಜ್ಜು ಬಾಗಿಲು ತೆರೆದುಕೊಂಡು ಭಾನುವಾರ ಸಂಜೆಯವರೆಗೆ ಹಾಗೆಯೇ ಗಾಳಿಯಾಡಿತು. ಹಾಲು, ಮೊಸರು ಎರಡು ದಿನ ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಅತಿಥಿಗಳಾಗಿದ್ದವು.

ಉಳಿದ ಚೂರುಪಾರು ವಾಸನೆಗೆ ಇದ್ದಿಲು ಇಟ್ಟೆ. ವಾಸನೆಯ ಕಣಗಳನ್ನು ತನ್ನ ಸೂಕ್ಷ್ಮ ರಂಧ್ರಗಳ ಮೇಲ್ಮೈಗೆ ಅಂಟಿಸಿಕೊಳ್ಳುವುದರಲ್ಲಿ ಸಕ್ರಿಯ ಇಂಗಾಲಕ್ಕೆ, ಅಂದರೆ ವಿಶೇಷವಾಗಿ ಸಂಸ್ಕರಿಸಿದ ಇದ್ದಿಲಿಗೆ, ಸಮನಾದದ್ದು ಅಡುಗೆಮನೆಯಲ್ಲಿ ಬೇರೊಂದಿಲ್ಲ. ಇಸ್ತ್ರಿ ಅಂಗಡಿಯ ಇದ್ದಿಲಿಗೂ ಆ ಗುಣ ಇದೆ, ಆದರೆ ಬಹಳ ಕಡಿಮೆ. ನಮ್ಮ ಮನೆಯಲ್ಲಿ ದಿನಕ್ಕೆರಡು ಸಲ ಕಾಫಿ ಫಿಲ್ಟರಿನಿಂದ ಹೊರಬೀಳುವ ಚರಟವನ್ನು ಇಡಬಹುದಲ್ಲ ಎಂದು ಅತ್ತೆಯವರು ಸೂಚಿಸಿದರು. ಇಡಬಹುದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಮೇಲೆ. ಒದ್ದೆಯಾಗಿಯೇ ಇಟ್ಟರೆ ನಾಲ್ಕು ದಿನಕ್ಕೆ ಅದೇ ಬೂಸ್ಟು ಹಿಡಿದು ಮುಗ್ಗಲು ವಾಸನೆಯ ಹೊಸ ಕಾರ್ಖಾನೆಯಾಗುತ್ತದೆ, ಇದನ್ನು ನಾನು ಒಮ್ಮೆ ಮಾಡಿ ನೋಡಿದ್ದೇನೆ.

ಸೇವೆಯ ಪಟ್ಟಿಯಲ್ಲಿ ಮಿಕ್ಸಿ ಇಲ್ಲದಿರುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ, ಏಕೆಂದರೆ ನಮ್ಮ ಅಡುಗೆಮನೆಗಳಲ್ಲಿ ಫ್ರಿಜ್ಜಿನ ನಂತರದ ಸ್ಥಾನ ವಾಸನೆಯ ವಿಷಯದಲ್ಲಿ ಚಟ್ನಿ ಜಾರಿನದ್ದೇ. ಮುಚ್ಚಳದ ರಬ್ಬರಿನ ಕೆಳಗೆ ತೆಂಗಿನಕಾಯಿ ಹಾಲು ಇಳಿದು ಹಳಸುತ್ತದೆ. ಜಾರಿನ ಅಡಿಯ ಗುಂಡಿಯಲ್ಲಿ ನಿಂತ ನೀರು ಹಾಗೆಯೇ ಮುಗ್ಗುತ್ತದೆ. ರಬ್ಬರನ್ನು ವಾರಕ್ಕೊಮ್ಮೆ ತೆಗೆದು ರಾತ್ರಿ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಿ, ಬೆಳಗ್ಗೆ ಒಣಗಿಸಿ ಹಾಕಬೇಕು, ಜಾರನ್ನು ಬೋರಲು ಹಾಕಿ ಆರಿಸಬೇಕು. ಬೆಳ್ಳುಳ್ಳಿಯ ಗಂಧಕದ ವಾಸನೆ ಮಾತ್ರ ಆಮ್ಲಕ್ಕೂ ಸೋಡಾಕ್ಕೂ ಸುಲಭವಾಗಿ ಮಣಿಯುವುದಿಲ್ಲ, ಬಿಸಿಲಿಗೆ ಇಟ್ಟು ಕಾಯಬೇಕು. ಕುಕ್ಕರಿನ ಗ್ಯಾಸ್ಕೆಟ್ಟಿಗೂ ಇದೇ ಉಪಚಾರ.

ಕೆಟಲನ್ನೂ ಅವರು ಹೊರಗಿನಿಂದ ಒರೆಸಿಟ್ಟು ಹೋದರು, ಒಳಗಿನ ಬಿಳಿ ಪೊರೆ ಹಾಗೆಯೇ ಉಳಿಯಿತು. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಉಳಿದ ಹೊತ್ತು ಬೋರ್‌ವೆಲ್ ನೀರು. ಕುಡಿಯುವ ನೀರಿನ ಗಡಸುತನ, ಅಂದರೆ ಕುದಿಸಿದಾಗ ಇಂಥ ಪೊರೆ ಕಟ್ಟುವ ಸುಣ್ಣದಂಥ ಲವಣಗಳ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ನಾದಿನಿಯ ಮನೆಗೆ ವರ್ಷವಿಡೀ ಟ್ಯಾಂಕರ್ ನೀರೇ ಗತಿ. ಅವಳ ಕೆಟಲಿನ ತಳ ಸುಣ್ಣ ಹೊಡೆದ ಗೋಡೆಯಂತಿದೆ. ಈ ಪೊರೆಗೆ ಉಜ್ಜುವುದು ವ್ಯರ್ಥ. ಸಿಟ್ರಿಕ್ ಆಮ್ಲದ ಹರಳನ್ನು, ಅಂದರೆ ಗ್ರಂಥಿಗೆ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುವುದನ್ನು, ಅರ್ಧ ಲೀಟರ್ ನೀರಿಗೆ ಒಂದು ಚಮಚ ಹಾಕಿ ಕುದಿಸಿ, ಇಪ್ಪತ್ತು ನಿಮಿಷ ಬಿಟ್ಟರೆ ಸುಣ್ಣ ತಾನೇ ಕರಗುತ್ತದೆ. ಆಮೇಲೆ ಎರಡು ಸಲ ಬರೀ ನೀರು ಕುದಿಸಿ ಚೆಲ್ಲಬೇಕು, ಇಲ್ಲವಾದರೆ ಮುಂದಿನ ಚಹಾದ ಹಾಲು ಒಡೆಯುತ್ತದೆ.

ಒಟ್ಟು 3,350 ರೂಪಾಯಿಯಲ್ಲಿ 2,600ಕ್ಕೆ ನನ್ನ ತಕರಾರಿಲ್ಲ. ಫ್ರಿಜ್ಜಿನ 500 ಮತ್ತು ಮೈಕ್ರೋವೇವಿನ 250 ನೀರಿಗೆ ಹೋದ ಹಣ. ಕರೆಸುವವರು ಕೈಗವಸು ಇದೆಯೇ ಎಂದು ಮೊದಲೇ ಕೇಳಿ, ಬಕೆಟ್ಟಿನ ಸೀಸೆಗಳನ್ನು ಒಮ್ಮೆ ನೋಡಿ, ಸುವಾಸನೆಯ ಸಿಂಪಡಣೆ ಬೇಡವೆಂದು ಬರೆದು ತಿಳಿಸುವುದು ಒಳ್ಳೆಯದು. ಜುಲೈಯಲ್ಲಿ ನಾನು ಮತ್ತೆ ಅದೇ ಸಂಸ್ಥೆಯನ್ನು ಚಿಮಣಿಗೆ ಮಾತ್ರ ಕರೆಸಿದೆ. ಅದೇ ಕೊಪ್ಪಳದ ಹುಡುಗ ಬಂದ. ಈ ಸಲ ಅವನ ಕೈಯಲ್ಲಿ ಹಳದಿ ಬಣ್ಣದ ಹೊಸ ಕೈಗವಸುಗಳಿದ್ದವು. ಫ್ರಿಜ್ಜಿನ ಬಾಗಿಲು ತಾನಾಗಿಯೇ ತೆರೆದು, ಮೂಗು ಒಳಗಿಟ್ಟು ನೋಡಿ, ಏನು ಹಾಕಿದಿರಿ ಎಂದು ಕೇಳಿದ. ವಿನಿಗರ್ ಎಂದೆ. ಅವರೆಬೇಳೆ ತುಂಬಿದ್ದ ಎರಡು ಪ್ಲಾಸ್ಟಿಕ್ ಡಬ್ಬಿಗಳು ಮತ್ತು ಸಿಲಿಕೋನ್ ಐಸ್ ಅಚ್ಚು ಮಾತ್ರ ವಿನಿಗರ್, ಸೋಡಾ, ಇದ್ದಿಲು, ಬಿಸಿಲು ಯಾವುದಕ್ಕೂ ಬಗ್ಗದೆ, ಕೊನೆಗೆ ಒಣ ಕಸದ ಚೀಲ ಸೇರಿದವು.